ಚಾರ್ಜು ನಿಲ್ಲದ ದೀಪ

ಅತ್ತೆ ಹನುಮಕ್ಕನ ಚಿನ್ನದ ಅವಲಕ್ಕಿ ಸರ ತನಗೇ ಬರುತ್ತದೆಂದು ಕೋಕಿಲಾ ಮದುವೆಯಾಗಿ ಬಂದಂದಿನಿಂದ ನಂಬಿದ್ದಳು. ಹಾಗೆಂದು ಹೇಳಿದ್ದವಳೂ ಅತ್ತೆಯೇ. ಮೈದುನನಿಗೆ ಅನಂತಲಕ್ಷ್ಮಿಯೆಂಬ ಹೆಣ್ಣು ಗೊತ್ತಾಗುತ್ತಲೇ ಮಾತು ಬದಲಾಯಿತು.

"ಅನಂತಲಕ್ಷ್ಮಿ ಕತ್ತಿಗೆ ಒಪ್ಪುತ್ತೆ ಕಣೇ. ನಿಂದು ಗಿಡ್ಡ ಕತ್ತು," ಎಂದಳು ಹನುಮಕ್ಕ, ಸೊಪ್ಪು ಬಿಡಿಸುತ್ತಾ.

ಕೋಕಿಲಾ ಜಗಳವಾಡಲಿಲ್ಲ. ಬಿ.ಎಸ್ಸಿ. ಓದಿದವಳು, ಯೋಚಿಸಿದಳು.

ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ಸಂಜೆ ಅತ್ತೆ ಸರವನ್ನು ತಟ್ಟೆಯಲ್ಲಿಟ್ಟು ತೋರಿಸುವವಳಿದ್ದಳು. ಎಂಬತ್ತಾರರ ಆ ಬೇಸಿಗೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ವಿಜಯನಗರದಲ್ಲಿ ಕರೆಂಟು ಹೋಗುವುದು ಖಾತ್ರಿ. ಕತ್ತಲಲ್ಲಿ ಸರ ಮಾಯವಾದರೆ ಅನುಮಾನ ಹೊಸಬರ ಮೇಲೆ, ಸಂಬಂಧವೂ ಮುರಿದೀತು. ಅಡ್ಡಿಯಿದ್ದದ್ದು ಗಂಡ ಮುನಿರಾಜು ತಂದಿಟ್ಟಿದ್ದ ಎಮರ್ಜೆನ್ಸಿ ಲೈಟು.

ಅವನು ಬೆಳಗ್ಗೆ ಅದನ್ನು ಚಾರ್ಜಿಗೆ ಹಾಕಿ ಕೆಲಸಕ್ಕೆ ಹೋಗುತ್ತಿದ್ದ. ಅವನು ಬೀದಿಯ ತಿರುವು ದಾಟಿದೊಡನೆ ಕೋಕಿಲಾ ಸ್ವಿಚ್ಚು ಆರಿಸುವಳು; ಬರುವ ಮುಂಚೆ ಹಾಕುವಳು. ಕೆಂಪು ದೀಪ ಉರಿಯುವುದನ್ನು ಕಂಡು ಅವನಿಗೆ ಸಮಾಧಾನ. ಹಸಿದ ಬ್ಯಾಟರಿಯ ತಗಡುಗಳಿಗೆ ಬಿಳಿ ಪೊರೆ ಕಟ್ಟುತ್ತದೆ, ಆಮೇಲೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲವೆಂದು ಅವಳು ಓದಿದ್ದಳು.

ಲೈಟು ಬೇಗ ಮಂಕಾಗತೊಡಗಿತು. ಮುನಿರಾಜು ಟ್ಯೂಬು ಬದಲಾಯಿಸಿದ, ವೈರು ಬದಲಾಯಿಸಿದ, ಬ್ಯಾಟರಿಗೆ ನೀರು ತುಂಬಿದ. ಕೊನೆಗೆ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಅಂಜಿನಯ್ಯನನ್ನು ಕರೆತಂದ.

"ದಿನಾ ಚಾರ್ಜ್ ಆಗ್ತಿದ್ಯೇನಮ್ಮಾ?"

"ನೋಡಿ ಅಣ್ಣ, ಕೆಂಪು ದೀಪ ಉರೀತಾನೇ ಇದೆಯಲ್ಲ," ಎಂದಳು ಕೋಕಿಲಾ.

ಆತ ಬಿರಡೆ ಬಿಚ್ಚಿ ಒಳಗೆ ಇಣುಕಿದ. "ವಯಸ್ಸಾಗಿದೆ ಕಣ್ರೀ ಬ್ಯಾಟ್ರಿಗೆ. ಬದಲಾಯಿಸ್ಬಿಡಿ."

"ನಂಗೂ ವಯಸ್ಸಾಗಿದೆ, ನನ್ನೂ ಬದಲಾಯಿಸ್ಬಿಡ್ತೀಯಾ?" ಎಂದಳು ಹನುಮಕ್ಕ. "ಬೀಗರು ಬಂದು ಹೋಗ್ಲಿ, ಆಮೇಲೆ ನೋಡೋಣ."

ಕೋಕಿಲಾ ಎಲ್ಲರಿಗೂ ಕಾಫಿ ಕೊಟ್ಟಳು.

ಉಳಿದದ್ದು ಸುಲಭ. ಬೀಗರು ಬರುವ ದಿನ ಬೆಂಕಿಪೊಟ್ಟಣವನ್ನು ಕೈಗೆಟುಕದ ಕಡೆಗೆ ಸರಿಸಿದಳು. ನಂದಾದೀಪದ ಬೆಳಕು ಹೊರಬೀಳದಂತೆ ದೇವರ ಮನೆಯ ಬಾಗಿಲು ಮುಚ್ಚಿದಳು. ಸರವನ್ನು ಸೊಂಟಕ್ಕೆ ಸಿಕ್ಕಿಸಿದರೆ ಜಾರೀತು. ಮುಷ್ಟಿಯಲ್ಲೇ ಹಿಡಿದು, ಮೇಣದ ಬತ್ತಿಯ ನೆಪದಲ್ಲಿ ಅಡುಗೆಮನೆಗೆ ಹೋಗಿ ರಾಗಿ ಹಿಟ್ಟಿನ ಡಬ್ಬದಲ್ಲಿ ಹುದುಗಿಸುವುದು. ನಡುವೆ ಕರೆಂಟು ಬಂದರೆ? ಅದನ್ನೂ ಯೋಚಿಸಿದ್ದಳು. ಮುಷ್ಟಿ ಸೆರಗಿನಡಿ ಇರುತ್ತದೆ. ಸೊಸೆಯ ಕೈಯನ್ನು ಬೀಗರು ನೋಡುವುದು ಅದರಲ್ಲಿ ಕಾಫಿ ಲೋಟ ಇದ್ದಾಗ ಮಾತ್ರ.

ಕರೆಂಟು ಹೇಳಿ ಮಾಡಿಸಿದಂತೆ ಹೋಯಿತು. ಮುನಿರಾಜು ಒತ್ತಿದ ಲೈಟು ಬೀಡಿಯ ತುದಿಯಷ್ಟು ಮಿನುಗಿ ಆರಿತು.

"ಥೂ ಇದರ!" ಎಂದ ಅವನು.

"ಮೇಣದ ಬತ್ತಿ ತರ್ತೀನಿ ಇರಿ ಅತ್ತೆ," ಎಂದಳು ಕೋಕಿಲಾ, ಸರವಿದ್ದ ತಟ್ಟೆಯ ಮೇಲೆ ಬಾಗಿ.

ಅಡುಗೆಮನೆಯ ಹೊಸ್ತಿಲು ಮುಟ್ಟುವಷ್ಟರಲ್ಲಿ ಕರೆಂಟು ಬಂದುಬಿಟ್ಟಿತು. ಅವಳು ಬೆಚ್ಚಲಿಲ್ಲ. ಮುಷ್ಟಿ ಸೆರಗಿನಡಿ ಭದ್ರವಾಗಿತ್ತು. ನಿಧಾನವಾಗಿ ಬೀಗರತ್ತ ತಿರುಗಿದಳು.

ದೀಪ ಬಂತೆಂದು ನಡುಮನೆಯಲ್ಲಿದ್ದವರೆಲ್ಲ ಕಣ್ಣು ಮುಚ್ಚಿ ಅದಕ್ಕೆ ಕೈಮುಗಿದರು. ಯಾರೂ ಅವರಿಗೆ ಹೇಳಬೇಕಿರಲಿಲ್ಲ. ಕೋಕಿಲಾಳ ಕೈಗಳಿಗೂ ಯಾರೂ ಹೇಳಲಿಲ್ಲ; ಮಗುವಾಗಿದ್ದಾಗಿನಿಂದ ಪ್ರತಿ ಸಂಜೆ ಮಾಡಿದ್ದನ್ನೇ ಅವು ಮಾಡಿದವು. ಅವಳು ಕಣ್ಣು ತೆರೆದಾಗ ಮಿಕ್ಕವರೆಲ್ಲ ಮುಗಿದ ಕೈ ಇಳಿಸದೆ ಅವಳನ್ನೇ ನೋಡುತ್ತಿದ್ದರು. ಎದೆಯ ಮುಂದೆ ಜೋಡಿಸಿದ ಅವಳ ಅಂಗೈಗಳ ನಡುವಿನಿಂದ ಅವಲಕ್ಕಿ ಸರ ಇಳಿಬಿದ್ದು, ಮೆಲ್ಲಗೆ ತೂಗುತ್ತಿತ್ತು.