ದಾವಲಸಾಬರ ಸೂಜಿ

ಗುಂಡಿ ಒತ್ತಿದ್ದೇ ತಡ, ಅಯಸ್ಕಾಂತಕ್ಕೆ ಕಚ್ಚಿಕೊಂಡಿದ್ದ ಕಬ್ಬಿಣದ ಸಲಾಕೆ ತಾನಾಗಿ ಕಳಚಿ ಮರದ ಮೇಜಿನ ಮೇಲೆ ಉರುಳಿತು. ಕ್ಷಣದ ಹಿಂದೆ ನಾಲ್ವರು ಗಟ್ಟಿಗರು ಎಳೆದರೂ ಬಿಡದಿದ್ದ ಸಲಾಕೆ ಅದು. ನೀಲಾಂಬಿಕಾ ಅದನ್ನು ಎತ್ತಿ ಅಯಸ್ಕಾಂತದ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಇಟ್ಟಿಗೆಯ ಮೇಲೆ ಇಟ್ಟು ತೆಗೆದ ಹಾಗಿತ್ತು. ಆಮೇಲೆ ಇನ್ನೊಂದು ಗುಂಡಿ ಒತ್ತಿದಳು. ಸಲಾಕೆ ಟಪ್ಪೆಂದು ಹಾರಿ ಅಂಟಿಕೊಂಡಿತು. ಅಯಸ್ಕಾಂತದ ನೆತ್ತಿಯ ಮೇಲಿದ್ದ ಚಿಕ್ಕ ಗಾಜಿನ ಬಿಲ್ಲೆ ಹಸಿರಿನಿಂದ ಕೆಂಪಿಗೆ ತಿರುಗಿತು.

"ಕಂಡ್ರೇನ್ರಿ ಕಾಕಾ?" ಎಂದು ಅವಳು ಕಿಟಕಿಯಾಚೆ ನೋಡಿ ಕೇಳಿದಳು.

"ಕಂಡೆ. ಮುಂದ?" ಎಂದರು ದಾವಲಸಾಬರು. ಅವರು ಅಂಗಳದ ಬೇವಿನ ಮರದ ಕೆಳಗೆ ಹಳೆಯ ಮರದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದರು. ಹೊಗಳುವುದರಲ್ಲಿ ಅವರು ಮೊದಲಿನಿಂದಲೂ ಜಿಪುಣರು.

ಇದು ಈ ಶತಮಾನದ ಐವತ್ತೆಂಟನೆಯ ಇಸವಿಯ ಮಾತು. ಗದಗದ ಸುತ್ತಲಿನ ಗುಡ್ಡಗಳ ಮೇಲೆ ದಶಕಗಟ್ಟಲೆ ತಿರುಗಿ ದಣಿದ ಗಾಳಿಯಂತ್ರಗಳನ್ನು ಒಂದೊಂದಾಗಿ ಇಳಿಸುತ್ತಿದ್ದ ಕಾಲ. ಅವುಗಳ ಹೊಟ್ಟೆಯಲ್ಲಿದ್ದ ಅಯಸ್ಕಾಂತಗಳು ಸಾಮಾನ್ಯದವಲ್ಲ. ನಿಯೋಡಿಮಿಯಂ ಎಂಬ ವಿರಳ ಭೂಧಾತುವನ್ನು ಕಬ್ಬಿಣ, ಬೋರಾನ್‌ಗಳ ಜೊತೆ ಬೆರೆಸಿ ಮಾಡಿದ, ಅಂಗೈಯಗಲದ್ದೇ ಆದರೂ ಆಳಿನ ಭಾರ ಎತ್ತುವ ತುಂಡುಗಳು. ಊರ ಹೊರಗಿನ ಒಂದು ಕಾರ್ಖಾನೆ ಅವುಗಳನ್ನು ಬಿಡಿಸಿ, ಪುಡಿ ಮಾಡಿ, ಹೊಸದಾಗಿ ಎರೆದು ಮಾರುತ್ತಿತ್ತು. ದಾವಲಸಾಬ ನದಾಫರು ಅಲ್ಲಿ ಮೂವತ್ತು ವರ್ಷ ಹಿರಿಯ ಮೇಸ್ತ್ರಿಯಾಗಿದ್ದರು.

ಗೋಡೆಯ ಮೇಲಿನ ನಿಯಮಗಳೆಲ್ಲ ಅವರ ಕೈಬರಹದವೇ. ಮೈಮೇಲೆ ಕಬ್ಬಿಣ ಇಟ್ಟುಕೊಂಡು ಯಾರೂ ಒಳಗೆ ಬರಬಾರದು, ತಲೆಗೂದಲಿನ ಪಿನ್ನು ಕೂಡ. ಹಿತ್ತಾಳೆ ಮತ್ತು ಮರದ ಉಪಕರಣಗಳಲ್ಲೇ ಕೆಲಸ ಮಾಡಬೇಕು. ಎರಡು ಅಯಸ್ಕಾಂತಗಳ ನಡುವೆ ಯಾವಾಗಲೂ ಮರದ ಹಲಗೆ ಇರಬೇಕು. ಅಂಟಿಕೊಂಡರೆ ಎಳೆಯಬಾರದು, ಪಕ್ಕಕ್ಕೆ ಜಾರಿಸಬೇಕು. ಒಲೆಯ ಹತ್ತಿರ ಇಡಬಾರದು, ಕಾವಿಗೆ ಅವು ಬಲ ಕಳೆದುಕೊಳ್ಳುತ್ತವೆ. ಮೇಲಿನ ಹೊಳಪಿನ ಲೇಪ ಕಿತ್ತುಹೋದವನ್ನು ಬೇರೆ ಸುತ್ತಿಡಬೇಕು, ಇಲ್ಲವಾದರೆ ತುಕ್ಕು ಹಿಡಿದು ಪುಡಿಯಾಗುತ್ತವೆ. ಎಲ್ಲಕ್ಕಿಂತ ದೊಡ್ಡದಾಗಿ ಬರೆದದ್ದು, ಒಬ್ಬರೇ ಎತ್ತಬಾರದು ಎಂಬುದು. ಅವರ ಎಡಗೈಯ ಕಿರುಬೆರಳು ಅರ್ಧವೇ ಇತ್ತು. ಹೇಗಾಯಿತೆಂದು ಕೇಳಿದ ಹೊಸಬರಿಗೆಲ್ಲ, ನಮಸ್ಕಾರ ಮಾಡದೆ ಮುಟ್ಟಿದೆ, ಕಚ್ಚಿಬಿಟ್ಟಿತು ಎಂದೇ ಹೇಳುತ್ತಿದ್ದರು. ಹೊಸಬರು ಒಂದು ವಾರ ನಮಸ್ಕಾರ ಮಾಡಿಯೇ ಕೆಲಸ ಶುರು ಮಾಡುತ್ತಿದ್ದರು.

ಹಾಗೆ ನಮಸ್ಕಾರ ಮಾಡಿದವರಲ್ಲಿ ನೀಲಾಂಬಿಕಾಳೂ ಒಬ್ಬಳು. ಕಾಲೇಜಿನ ರಜೆಯಲ್ಲಿ ಕೆಲಸ ಕಲಿಯಲು ಬಂದವಳು, ಡಾಕ್ಟರೇಟ್ ಮುಗಿಸಿ ಅಲ್ಲಿಗೇ ವಿಜ್ಞಾನಿಯಾಗಿ ಮರಳಿದಳು. ಭೌತಶಾಸ್ತ್ರವನ್ನು ಅವಳು ಪುಸ್ತಕದಿಂದ ಕಲಿತಳು, ಆದರೆ ಅಯಸ್ಕಾಂತವನ್ನು ಹೇಗೆ ಹಿಡಿಯಬೇಕೆಂಬುದನ್ನು ಕಲಿಸಿದವರು ದಾವಲಸಾಬರು.

ಎರಡು ವರ್ಷದ ಹಿಂದೆ ಅವರ ಎದೆಬಡಿತ ತಾಳ ತಪ್ಪಿತು. ವೈದ್ಯರು ಎಡಭುಜದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಹೃದಯ ತಡವರಿಸಿದಾಗ ಅದಕ್ಕೆ ಮಿಡಿತ ಕೊಡುವ ಪುಟ್ಟ ಯಂತ್ರ ಅದು. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಅದು ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನದೇ ಲೆಕ್ಕದಲ್ಲಿ ಮಿಡಿಯತೊಡಗುತ್ತದೆ. ಅವರ ಹೃದಯಕ್ಕೆ ಅದು ಪ್ರಾಣಕ್ಕೇ ಎರವಾಗಬಹುದು ಎಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದರು. ಅಂದೇ ಕಾರ್ಖಾನೆಯ ಬಾಗಿಲ ಮುಂದೆ ಹಳದಿ ಬಣ್ಣದ ಗೆರೆಯೊಂದು ಬಿತ್ತು. ಅವರು ಅದನ್ನು ದಾಟುವಂತಿರಲಿಲ್ಲ. ಮನೆಯಲ್ಲಿ ಕೂರಲೂ ಆಗದೆ, ದಿನಾ ಬೆಳಿಗ್ಗೆ ಬಂದು ಬೇವಿನ ಮರದ ಕೆಳಗೆ ಕೂತು ಕಿಟಕಿಯಿಂದಲೇ ಎಲ್ಲರನ್ನೂ ಬೈಯುತ್ತಿದ್ದರು. ಕೆಲಸಗಾರರು ಆ ಬೈಗಳಿಗೆ ಕಾದಿರುತ್ತಿದ್ದರು. ಬಾಗಿಲು ದಾಟಲಾಗದ ಮುದುಕನ ಮುಖವನ್ನು ನೋಡಲಾಗದವಳು ನೀಲಾಂಬಿಕಾ.

ಅವಳ ಸಂಶೋಧನೆ ಹುಟ್ಟಿದ್ದು ಈ ಸಂಕಟದಿಂದಲೇ. ಅಯಸ್ಕಾಂತದೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ವಲಯಗಳಿರುತ್ತವೆ, ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಎಲ್ಲವೂ ಒಂದೇ ಕಡೆ ಮುಖ ಮಾಡಿದಾಗ ಅವುಗಳ ಸೆಳೆತ ಕೂಡಿ ಹೊರಗೆ ಹರಿಯುತ್ತದೆ. ನೀಲಾಂಬಿಕಾ ಹೊಸದಾಗಿ ಎರೆಯುವ ತುಂಡುಗಳಲ್ಲಿ ಪದರಗಳ ನಡುವೆ ತೆಳುವಾದ ಪೊರೆಯೊಂದನ್ನು ಸೇರಿಸಿದಳು. ಅದರ ಮೂಲಕ ವಿದ್ಯುತ್ತಿನ ಒಂದು ಮಿಡಿತ ಹಾಯಿಸಿದರೆ ಅಕ್ಕಪಕ್ಕದ ಪದರಗಳು ಎದುರುಬದುರಾಗಿ ತಿರುಗಿ, ಒಂದರ ಸೆಳೆತವನ್ನು ಇನ್ನೊಂದು ಒಳಗೊಳಗೇ ನುಂಗಿಬಿಡುತ್ತದೆ. ಆಗ ಅಯಸ್ಕಾಂತ ಮಲಗಿತೆಂದು ಅರ್ಥ, ಬಿಲ್ಲೆ ಹಸಿರಾಗುತ್ತದೆ. ಇನ್ನೊಂದು ಮಿಡಿತಕ್ಕೆ ಅದು ಎಚ್ಚರಗೊಳ್ಳುತ್ತದೆ, ಬಿಲ್ಲೆ ಕೆಂಪಾಗುತ್ತದೆ.

ಹಳೆಯ ತುಂಡುಗಳೆಲ್ಲ ಪುಡಿಯಾಗಿ ಹೊಸ ರೂಪ ತಳೆದವು. ಖಂಡೇನವಮಿಯ ಹೊತ್ತಿಗೆ ಕಾರ್ಖಾನೆಯಲ್ಲಿ ಉಳಿದದ್ದು ಮಲಗಬಲ್ಲ ನಲವತ್ತು ಅಯಸ್ಕಾಂತಗಳು ಮಾತ್ರ. ಆಯುಧಪೂಜೆಯ ದಿನ ಹತಾರಗಳನ್ನೆಲ್ಲ ತೊಳೆದು ಮೇಜಿನ ಮೇಲಿಟ್ಟು, ಹಿರಿಯ ಮೇಸ್ತ್ರಿ ಬಾಗಿ ಮೊದಲ ಹೂ ಏರಿಸಿ ಕಾಯಿ ಒಡೆಯುವುದು ಅಲ್ಲಿಯ ಪದ್ಧತಿ. ಆ ಮೇಸ್ತ್ರಿ ದಾವಲಸಾಬರೇ ಆಗಬೇಕೆಂಬುದರಲ್ಲಿ ಯಾರಿಗೂ ಯಾವ ಅನುಮಾನವೂ ಇರಲಿಲ್ಲ. ಎರಡು ವರ್ಷದಿಂದ ಹೂವನ್ನು ಬೇರೆಯವರು ಏರಿಸುತ್ತಿದ್ದರು, ಅವರು ಗೆರೆಯಾಚೆ ನಿಂತು ನೋಡುತ್ತಿದ್ದರು. ಈ ಸಲ ಅವರೇ ಏರಿಸಬೇಕೆಂದು ನೀಲಾಂಬಿಕಾ ಹಟ ಹಿಡಿದಳು. ಹಿಂದಿನ ದಿನ ತಾನೇ ಕೂತು ಹಳದಿ ಗೆರೆಯನ್ನು ಉಜ್ಜಿ ಅಳಿಸಿ, ಅಲ್ಲಿ ರಂಗೋಲಿ ಹಾಕಿದಳು. ನಲವತ್ತು ಅಯಸ್ಕಾಂತಗಳನ್ನೂ ಒರೆಸಿ, ನಡುನಡುವೆ ಮರದ ಹಲಗೆ ಇಟ್ಟು ಸಾಲಾಗಿ ಜೋಡಿಸಿ, ಒಂದೊಂದರ ನೆತ್ತಿಗೂ ವಿಭೂತಿ ಬಳಿದು ಕುಂಕುಮ ಇಟ್ಟಳು.

ಹಬ್ಬದ ಬೆಳಿಗ್ಗೆ ದಾವಲಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಎಲ್ಲರೂ ಎರಡು ಸಾಲಾಗಿ ನಿಂತು ದಾರಿ ಬಿಟ್ಟರು. ರಂಗೋಲಿಯ ಹತ್ತಿರ ಅವರು ನಿಂತು, ಟೋಪಿಯೊಳಗಿಂದ ಕಪ್ಪು ದಾರವೊಂದನ್ನು ತೆಗೆದರು. ದಾರದ ತುದಿಯಲ್ಲಿ, ನಡುವಿಗೆ ಕಟ್ಟಿದ ಸೂಜಿ ಅಡ್ಡಲಾಗಿ ತೂಗುತ್ತಿತ್ತು. ಕಬ್ಬಿಣದ ನಿಯಮಕ್ಕೆ ಅವರು ಇಟ್ಟುಕೊಂಡಿದ್ದ ವಿನಾಯಿತಿ ಅದೊಂದೇ. ಎಷ್ಟೋ ವರ್ಷ ಅಯಸ್ಕಾಂತಗಳ ನಡುವೆ ಬಾಳಿ ಅದೂ ದಿಕ್ಸೂಚಿಯಾಗಿಬಿಟ್ಟಿತ್ತು. ಸುತ್ತ ಏನೂ ಇಲ್ಲದಿದ್ದರೆ ಅದರ ಮೊನೆ ಉತ್ತರಕ್ಕೆ, ಅಂದರೆ ಕಾರ್ಖಾನೆಯ ನೀರಿನ ಟಾಕಿಯ ಕಡೆಗೆ ನಿಲ್ಲುತ್ತಿತ್ತು.

ಹೊಸ ಹುಡುಗಿಯರು ಮುಸಿಮುಸಿ ನಕ್ಕರು. ನೀಲಾಂಬಿಕಾ ಕೂಡ ನಕ್ಕಳು. "ಇನ್ನೂ ಯಾಕ್ರೀ ಕಾಕಾ ಅದು? ಎಲ್ಲಾ ಮಲಗ್ಯಾವ."

"ನೀ ಅಂದಿ, ಖರೆ ತಂಗಿ. ಸೂಜಿ ಇನ್ನೂ ಅಂದಿಲ್ಲ."

ಅವರು ಸೂಜಿಯನ್ನು ಮುಂದೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ರಂಗೋಲಿ ದಾಟುವಾಗ ಮೊನೆ ಟಾಕಿಯ ಕಡೆಗೇ ಇತ್ತು. ಹೊಸ್ತಿಲ ಹತ್ತಿರ ಅದು ಸಣ್ಣಗೆ ನಡುಗಿ, ಟಾಕಿಯನ್ನು ಬಿಟ್ಟು ಮೇಜಿನ ಕಡೆಗೆ ವಾಲಿತು. ಮೇಜು ಅಲ್ಲಿಂದ ಐದೇ ಅಡಿ.

ದಾವಲಸಾಬರು ಹಿಂದೆ ಸರಿದು ನಿಂತರು. "ಒಂದು ಎಚ್ಚರ ಐತಿ," ಎಂದರು.

ನಗು ಅಲ್ಲಿಗೇ ನಿಂತಿತು. ನೀಲಾಂಬಿಕಾ ಮೇಜಿನತ್ತ ನೋಡಿದಳು. ನಲವತ್ತು ನೆತ್ತಿಗಳ ಮೇಲೂ ಒಂದೇ ತೆರನ ಬಿಳಿ ಪಟ್ಟೆ, ಒಂದೇ ತೆರನ ಕೆಂಪು ಕುಂಕುಮ. ಬಿಲ್ಲೆ ಒಂದೂ ಕಾಣುತ್ತಿರಲಿಲ್ಲ. ಹಣೆಯ ಹಾಗೆ ಕಂಡ ಜಾಗ ಅದೊಂದೇ ಎಂದು ಎಲ್ಲದಕ್ಕೂ ಅಲ್ಲೇ ವಿಭೂತಿ ಬಳಿದಿದ್ದಳು. ಕೋಣೆಯಲ್ಲಿ ಹಿತ್ತಾಳೆ, ಮರ ಬಿಟ್ಟು ಬೇರೇನೂ ಇಲ್ಲದ್ದರಿಂದ ಎಚ್ಚರವಿದ್ದ ತುಂಡು ರಾತ್ರಿಯೆಲ್ಲ ಸುಮ್ಮನೆ ಕೂತಿತ್ತು. ಅವಳು ಒದ್ದೆ ಬಟ್ಟೆ ತಂದು ಒಂದೊಂದನ್ನೇ ಒರೆಸುತ್ತಾ ಹೋದಳು. ಹಸಿರು, ಹಸಿರು, ಹಸಿರು. ಇಪ್ಪತ್ತಾರನೆಯದನ್ನು ಒರೆಸಿದಾಗ ಬಿಲ್ಲೆ ಕೆಂಪಾಗಿತ್ತು. ಹೂ ಏರಿಸಲು ಬಾಗಿದ್ದರೆ ದಾವಲಸಾಬರ ಎದೆ ಸರಿಯಾಗಿ ಅದರ ಮೇಲೆಯೇ ಬರುತ್ತಿತ್ತು.

ಅದನ್ನು ಎತ್ತಲು ಅವಳು ಒಬ್ಬಳೇ ಕೈ ಚಾಚಿದಳು. ಹೊಸ್ತಿಲಾಚೆಯಿಂದ ಎರಡು ವರ್ಷದಲ್ಲಿ ಯಾರೂ ಕೇಳಿರದಂಥ ಬೈಗಳು ಬಂತು. ಶಿವಲೀಲಾ ಎಂಬ ಹುಡುಗಿ ಓಡಿಬಂದು ಇನ್ನೊಂದು ಬದಿ ಹಿಡಿದಳು. ಇಡಲು ಮರದ ಪೆಟ್ಟಿಗೆ ಬೇಕಿತ್ತು. ಮಲಗುವ ಅಯಸ್ಕಾಂತ ಬಂದ ಮೇಲೆ ಪೆಟ್ಟಿಗೆ ಯಾರಿಗೆ ಬೇಕೆಂದು ಎಲ್ಲವನ್ನೂ ಒಡೆದು ಒಲೆಗೆ ಹಾಕಿದ್ದರು. ಒಂದೇ ಒಂದು ಉಳಿದಿತ್ತು, ಬೇವಿನ ಮರದ ಕೆಳಗೆ, ದಾವಲಸಾಬರ ಆಸನವಾಗಿ. ಅದನ್ನು ತಂದು, ಅಯಸ್ಕಾಂತವನ್ನು ಅದರಲ್ಲಿಟ್ಟು, ಇಬ್ಬರೂ ಗುಂಡಿಗಳಿದ್ದ ಪರೀಕ್ಷೆಯ ಕೋಣೆಗೆ ಹೊತ್ತು ಮಲಗಿಸಿದರು.

ನೀಲಾಂಬಿಕಾ ಹೊರಗೆ ಬಂದಾಗ ಕಣ್ಣು ತುಂಬಿತ್ತು. "ನಿನ್ನಿ ಕುಂಕುಮ ಇಟ್ಟ ಮ್ಯಾಲೆ ಮತ್ತೊಮ್ಮೆ ನೋಡೂಣು ಅಂತ ಒಂದ ಎಬ್ಬಿಸಿದ್ದೆ ಕಾಕಾ. ಹೊರಗಿಂದ ಹುಡುಗ್ಯಾರು ಕರದ್ರು, ಮಲಗಿಸೂದು ಮರ್ತು ಹಂಗ ಮೇಜಿನ ಮ್ಯಾಲೆ ತಂದಿಟ್ಟೆ. ನಿಮ್ಮನ್ನ ಒಳಗ ಕರಕೊಳ್ಳೂ ಗಡಿಬಿಡಿಯೊಳಗ ನಿಮ್ಮ ಜೀವಕ್ಕ..."

ದಾವಲಸಾಬರು ತಮ್ಮ ಅರ್ಧ ಬೆರಳನ್ನು ನೋಡಿಕೊಂಡರು. "ಇದು ಹೋದದ್ದೂ ಹಬ್ಬದ ದಿನಾನ. ಬಕ್ರೀದಿಗೆ ಲಗೂನ ಮನಿಗೆ ಹೋಗೂಣು ಅಂತ ಒಬ್ಬನ ಎತ್ತಾಕ ಹೋದೆ. ನಮಸ್ಕಾರದ ಮಾತೆಲ್ಲಾ ಸುಳ್ಳು. ಮೇಸ್ತ್ರಿ ಆದವ ತಾನ ತಪ್ಪು ಮಾಡಿದೆ ಅಂತ ಹೆಂಗ ಹೇಳೂದು?"

ಅವಳು ಅಳುತ್ತಲೇ ನಕ್ಕಳು. ಅವರು ಟೋಪಿ ಸರಿಮಾಡಿಕೊಂಡು, ಸೂಜಿ ಮುಂದೆ ಹಿಡಿದು ಮತ್ತೆ ನಡೆದರು. ಹೊಸ್ತಿಲಲ್ಲೂ ಮೇಜಿನ ಬಳಿಯೂ ಮೊನೆ ಟಾಕಿಯ ಕಡೆಗೇ ನಿಂತಿತ್ತು. ಆಮೇಲೆ ಅವರು ಸೂಜಿಯನ್ನು ನೀಲಾಂಬಿಕಾಳ ಕೈಗೆ ಕೊಟ್ಟು, ಬಾಗಿ ಹೂ ಏರಿಸಿ, ಕಾಯಿ ಒಡೆದರು. ಎದೆಯೊಳಗಿನ ಯಂತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಾಯಿ ಚೂರು ಹಂಚುವಾಗ, ಕೋಣೆ ಇಷ್ಟು ಹೊಲಸು ಮಾಡೀರಲ್ಲ ಎಂದು ಎಲ್ಲರನ್ನೂ ಬೈದರು. ಎರಡು ವರ್ಷದ ಮೇಲೆ ಆ ಬೈಗಳು ಒಳಗಿನಿಂದ ಬಂದಿತ್ತು.

ಮುಂದೆ ಮಲಗುವ ಅಯಸ್ಕಾಂತಗಳು ದೇಶದೇಶಗಳಿಗೆ ಹೋದವು. ಗದಗದಿಂದ ಹೊರಟ ಪ್ರತಿ ಪೆಟ್ಟಿಗೆಯಲ್ಲೂ ಬಿಲ್ಲೆಯ ವಿವರದ ಜೊತೆಗೆ ಒಂದು ಸೂಜಿ, ಒಂದು ತುಂಡು ಕಪ್ಪು ದಾರ ಇರುತ್ತಿತ್ತು. ಕೊಂಡವರು ಮೊದಮೊದಲು ನಗುತ್ತಿದ್ದರಂತೆ. ನೀಲಾಂಬಿಕಾ ಮಾತ್ರ ಆ ಸೂಜಿ ಇಲ್ಲದೆ ಒಂದು ಪೆಟ್ಟಿಗೆಯನ್ನೂ ಸಾಗಿಸಲು ಬಿಡಲಿಲ್ಲ.

ಆ ದಿನಗಳು ಇನ್ನೂ ದೂರ ಇವೆ. ಇಂದು ನಮ್ಮ ಮನೆಗಳಲ್ಲಿರುವ ಅಯಸ್ಕಾಂತಗಳಿಗೆ ಮಲಗುವುದೇ ಗೊತ್ತಿಲ್ಲ. ಫೋನಿನ ಕವಚದಲ್ಲಿ, ಕಿವಿಗೆ ಸಿಕ್ಕಿಸುವ ಸಾಧನದ ಡಬ್ಬಿಯಲ್ಲಿ, ಒಂದಕ್ಕೊಂದು ಅಂಟುವ ಗುಂಡುಗಳ ಮಕ್ಕಳ ಆಟಿಕೆಯಲ್ಲಿ ಅವು ಹಗಲೂ ರಾತ್ರಿ ಎಚ್ಚರವಾಗಿಯೇ ಇರುತ್ತವೆ. ಅವಕ್ಕೆ ಕೆಂಪು ಬಿಲ್ಲೆಯಿಲ್ಲ, ಪೆಟ್ಟಿಗೆಯಲ್ಲಿ ಸೂಜಿಯೂ ಬರುವುದಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡ ಅಜ್ಜ ಅಂಗಿಯ ಎಡಜೇಬಿಗೆ ಫೋನು ಇಳಿಬಿಡುವಾಗ, ಆ ಕೈಯನ್ನು ಮೆಲ್ಲಗೆ ಹಿಡಿದು ಬಲಗಡೆಗೆ ಸರಿಸುವವರು ಸದ್ಯಕ್ಕೆ ನಾವೇ.