ನೆರಳು ಹಿಡಿದ ಹಾಯಿ

ಬಹಳ ಬಹಳ ಹಿಂದೆ, ಕಡಲಂಚಿನಲ್ಲಿ ಒಂದು ರಾಜ್ಯವಿತ್ತು. ಎಲ್ಲಿ ಅಂತ ಮಾತ್ರ ಕೇಳಬೇಡಿ, ಕೇಳಿದವರೆಲ್ಲ ಹೋಗಿ ದೋಣಿ ಹತ್ತುತ್ತೇವೆ ಅಂತಾರೆ. ಅಲ್ಲಿಯವರು ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಕೊನೆಯ ಗಂಟನ್ನು ಹಾಯಿಕಂಬದ ಬುಡದಲ್ಲಿ ಅಡಗಿಸುತ್ತಿದ್ದರು. ಅದೊಂದು ಬಿಚ್ಚಿದರೆ ಇಡೀ ದೋಣಿಯೇ ಬಿಚ್ಚಿಕೊಳ್ಳುತ್ತಿತ್ತು. ಅದಕ್ಕೇ ಅಲ್ಲೊಂದು ಕಟ್ಟಳೆ: ಹೊಲಿದವರು ತಾವು ಹೊಲಿದ ದೋಣಿಯನ್ನು ಹತ್ತಬಾರದು.

ದೋಣಿ ಹೊಲಿಯುವುದರಲ್ಲಿ ಮಂಕಾಳಿಯನ್ನು ಮೀರಿಸುವವರಿರಲಿಲ್ಲ. ವಿಕಟಾಂಗನೆಂಬ ಮಾಂತ್ರಿಕ ಅವಳಿಂದ ದೊಡ್ಡದೊಂದು ಹಾಯಿದೋಣಿ ಹೊಲಿಸಿಕೊಂಡ. "ಸೂರ್ಯ ಮುಳುಗೋದನ್ನ ನಡುಗಡಲಲ್ಲಿ ನೋಡಬೇಕು ಕಣ್ರಪ್ಪಾ! ಬನ್ನಿ, ಪುಕ್ಕಟೆ!" ಎಂದು ದಿನಾ ಸಂಜೆ ಕೂಗುತ್ತಿದ್ದ. ಪುಕ್ಕಟೆ ಅಂದಮೇಲೆ ಕೇಳಬೇಕೆ? ಜನ ಮುಗಿಬಿದ್ದರು. ಹೆಂಡತಿ ಹೊಲಿದ ದೋಣಿ ಅಂತ ಹೆಮ್ಮೆಪಟ್ಟು ಮಂಕಾಳಿಯ ಗಂಡ ಹೊನ್ನಪ್ಪ ಮೊದಲ ದಿನವೇ ಹತ್ತಿದ. ತಿರುಗಿ ಬಂದವನು ಮೂರನೆಯ ಸಂಜೆ ಸತ್ತ. ಊರಲ್ಲಿ ಸಾವಿನ ಮೇಲೆ ಸಾವು. ಜನ ಜ್ವರ ಅಂದರು, ಮತ್ತೆ ದೋಣಿ ಹತ್ತಿದರು.

ತಿಂಗಳಾದ ಮೇಲೆ ಮಗಳು ಸೋಮಿ ಅಮ್ಮನಿಗೆ ಹೇಳದೆ ಹೋಗಿಬಂದಳು. ಮರುದಿನ ಬೆಳಗ್ಗೆ ಮಗು ಅಂಗಳದ ಬಿಸಿಲಲ್ಲಿ ನಿಂತಿತ್ತು, ನೆರಳಿರಲಿಲ್ಲ. ಮಂಕಾಳಿ ಕೆದಕಿ ಕೇಳಿ ಮಗಳು ದೋಣಿ ಹತ್ತಿದ್ದನ್ನು ತಿಳಿದುಕೊಂಡಳು. ದಂಡೆಗೆ ಓಡಿ ನೋಡಿದಳು. ಹಾಯಿಯ ತುಂಬ ನೆರಳುಗಳು ಕಿಕ್ಕಿರಿದಿದ್ದವು. ಎರಡು ಜಡೆಯ ಪುಟ್ಟ ನೆರಳು ಮಗಳದು. ಪಕ್ಕದಲ್ಲಿ ಮುಂಡಾಸಿನ ನೆರಳು, ಅವಳ ಗಂಡನದು. ಮುಳುಗುವ ಸೂರ್ಯನ ಎದುರು ಉದ್ದವಾಗಿ ಬೀಳುವ ನೆರಳನ್ನು ಆ ಹಾಯಿ ಹಿಡಿದುಕೊಳ್ಳುತ್ತಿತ್ತು. ನೆರಳಿಲ್ಲದವರಿಗೆ ಮೂರೇ ಸಂಜೆ ಆಯುಸ್ಸು.

ಮೊದಲ ಸಂಜೆ ಅವಳು ಮಾಂತ್ರಿಕನ ಕಾಲಿಗೆ ಬಿದ್ದಳು. "ನನ್ನ ಮಗಳ ನೆರಳು ಕೊಡು ಮಾರಾಯಾ!"

"ನೀನೇ ಹತ್ತಿ ತಗೋ ತಾಯಿ," ಅಂದ. ಅವಳು ಹತ್ತಲಾರಳೆಂದು ಆ ಪಾಪಿಗೆ ಗೊತ್ತಿತ್ತು. ಅವಳು ಕಾಲೆತ್ತಿದಳು, ಕಟ್ಟಳೆ ನೆನಪಾಗಿ ಹಿಂದೆ ಸರಿದಳು. ದೋಣಿ ಹೊರಟುಹೋಯಿತು.

ಎರಡನೆಯ ಸಂಜೆ ಅರಮನೆಗೆ ಹೋಗಿ ಬಾಯಿ ಬಡಿದುಕೊಂಡಳು. "ಏನೇ ಮಂಕಾಳಿ, ನಾನೂ ನಿನ್ನೆ ಹೋಗಿದ್ದೆ. ಎಷ್ಟು ಚೆಂದ ಇತ್ತು ಗೊತ್ತಾ!" ಎಂದು ರಾಜ ನಕ್ಕ. ಸಿಂಹಾಸನಕ್ಕೆ ನೆರಳಿತ್ತು. ರಾಜನಿಗಿರಲಿಲ್ಲ.

ಮನೆಗೆ ಬಂದರೆ ಸೋಮಿ ಚಾಪೆ ಹಿಡಿದಿದ್ದಳು. "ಅಮ್ಮಾ, ನೀನು ಹೊಲಿದ ದೋಣಿ ಒಂಚೂರೂ ಸೋರಲಿಲ್ಲ," ಅಂದಳು. ಅಯ್ಯೋ, ಯಾವ ತಾಯಿಗೆ ತಡೆಯುತ್ತದೆ ಹೇಳಿ! ಮಂಕಾಳಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ದೋಣಿ ಹೊಲಿದ ತನ್ನ ಕೈಯನ್ನೇ ಕಡಿದುಹಾಕಬೇಕು ಅನ್ನಿಸಿತು.

ಮೂರನೆಯ ಸಂಜೆ ಮಗು ಕಣ್ಣು ಬಿಡಲಿಲ್ಲ. ಮಂಕಾಳಿ ನೆಟ್ಟಗೆ ಹೋಗಿ ಜನರ ಗುಂಪಿನೊಳಗೆ ಸೇರಿ ದೋಣಿ ಹತ್ತಿದಳು. ನಡುಗಡಲಲ್ಲಿ ಸೂರ್ಯ ನೀರು ಮುಟ್ಟಿದ. ಅವಳು ಕಂಬದ ಬುಡಕ್ಕೆ ಕೈ ಹಾಕಿದಳು.

"ಏಯ್! ಕಟ್ಟಳೆ! ಕಟ್ಟಳೆ ಮುರೀಬೇಡ!" ವಿಕಟಾಂಗ ಕಿರುಚಿದ.

"ಮೊದಲನೇ ಸಂಜೆಯೇ ಮುರೀಬೇಕಿತ್ತು," ಎಂದು ಗಂಟು ಎಳೆದಳು.

ಸರಸರನೆ ಹುರಿ ಬಿಚ್ಚಿತು. ಹಲಗೆಗಳು ಬೇರೆಯಾದವು, ಹಾಯಿ ನೀರಿಗೆ ಬಿತ್ತು. ನೆರಳುಗಳೆಲ್ಲ ಜಾರಿ ದಂಡೆಯತ್ತ ಈಜಿದವು. ಅವುಗಳ ಬಲದಲ್ಲೇ ಬದುಕಿದ್ದ ಮಾಂತ್ರಿಕ ನೀರಲ್ಲಿ ಕರಗಿಹೋದ. ಜನ ಹಲಗೆ ಹಿಡಿದು ತೇಲುತ್ತಾ ಊರು ಸೇರಿದರು.

ಮಂಕಾಳಿ ಒದ್ದೆ ಸೀರೆಯಲ್ಲೇ ಮನೆಗೆ ಓಡಿದಳು. ಸೋಮಿ ಎದ್ದು ಕೂತಿದ್ದಳು. "ಎಲ್ಲಿಗೆ ಹೋಗಿದ್ದೆ ಅಮ್ಮಾ? ಹೊಟ್ಟೆ ಹಸೀತಿದೆ." ದೀಪದ ಬೆಳಕಲ್ಲಿ ಗೋಡೆಯ ಮೇಲೆ ಎರಡು ಜಡೆಯ ನೆರಳಿತ್ತು. ರಾಜನೂ ಬದುಕಿದ. ಎಲ್ಲರೂ ಸುಖವಾಗಿದ್ದರು ಅಂತಾರೆ, ನಾನೂ ಹಾಗೇ ಹೇಳುತ್ತೇನೆ.

ಆದರೆ ಸತ್ತವರ ನೆರಳುಗಳೂ ಮನೆಗೆ ಬಂದಿದ್ದವಲ್ಲ! ಮಂಕಾಳಿಯ ಹೊಸ್ತಿಲಲ್ಲಿ ಮುಂಡಾಸಿನ ನೆರಳೊಂದು ಬಂದು ಮಲಗಿತ್ತು. ಅಂಟಿಕೊಳ್ಳಲು ಅದಕ್ಕೆ ಹೊನ್ನಪ್ಪನ ಕಾಲುಗಳೇ ಇರಲಿಲ್ಲ. ಸೋಮಿ ಹೊರಗೆ ಹೋಗುವಾಗ ಅದನ್ನು ತುಳಿಯದಂತೆ ಪಕ್ಕಕ್ಕೆ ಸರಿದು ದಾಟುತ್ತಿದ್ದಳು. ಮಂಕಾಳಿ ಬದುಕಿದ್ದಷ್ಟು ದಿನವೂ ಸಂಜೆ ಅದರ ಪಕ್ಕದಲ್ಲೇ ಕೂತು ಹುರಿ ಹೊಸೆದಳು.