ದಿಬ್ಬಣದ ಕಾರಿಗೆ ಸೆಕೆ

“ಇಳೀರಿ, ಇಳೀರಿ! ಕಾರು ಮತ್ತೆ ಕುದೀತು!” ಡ್ರೈವರ್ ಕೂಗಿದ.

ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಪುಟ್ಟ ದುರ್ಗಿಯ ತಿಮ್ಮಪ್ಪ ಮಾವ, ಬಾಸಿಂಗ ಕಟ್ಟಿಕೊಂಡಿದ್ದವನು, ಪಂಚೆ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲು ಹಾರಿದ. ಮದುಮಗನ ಗತ್ತೆಲ್ಲ ಗದ್ದೆಗೆ ಬಿತ್ತು!

ಶಿರಾಲಿಯಿಂದ ಹೊರಟ ದಿಬ್ಬಣ ಹೆಣ್ಣಿನ ಊರಾದ ಮಂಕಿ ಮುಟ್ಟುವ ಮೊದಲೇ ಎರಡನೇ ಸಲ ನಿಂತಿತ್ತು. ಮುಹೂರ್ತ ಹತ್ತಿರವಾಗಿತ್ತು.

“ಯಾರದ್ದೋ ಕಣ್ಣು ಬಿತ್ತು,” ಎಂದರು ಸಣ್ಣಮ್ಮಜ್ಜಿ.

“ಕಣ್ಣಲ್ಲ ಅಮ್ಮಾ, ಭಾರ! ಜಟ್ಟಿ ಭಾವ ನಡೆದು ಬರಲಿ,” ಎಂದ ಮಾವ.

ಜಟ್ಟಿ ಎಂದರೆ ದುರ್ಗಿಯ ಅಪ್ಪ. ಅವನಿಗೆ ರೇಗಿತು. “ಊಟ ಆದ್ಮೇಲೆ ಭಾರ ಅನ್ನು ಮಾರಾಯಾ. ಈಗ ನಾ ಖಾಲಿ ಹೊಟ್ಟೆಲಿ ಇದ್ದೆ!”

ಡ್ರೈವರ್ ಕಮಲಾಕರ ಎಂಜಿನ್ ತಣಿಯುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಮುಚ್ಚಳ ತೆಗೆದು ರೇಡಿಯೇಟರಿಗೆ ನೀರು ಹೊಯ್ದ. “ಬೆಲ್ಟ್ ಸರಿ ಇದೆ, ಪೈಪೂ ಸೋರೂದಿಲ್ಲ. ಮತ್ತೆಂತಕ್ಕೆ ಕುದೀತದೆ?” ಎಂದು ತಲೆ ಕೆರೆದುಕೊಂಡು ಎಂಜಿನ್ ಚಾಲೂ ಮಾಡಿದ.

ದುರ್ಗಿ ಕಾರಿನ ಮುಂದೆ ಹೋದಳು. ಮುಂದಿನ ಜಾಲರಿಗೆ ಮಾವಿನೆಲೆ, ಅಬ್ಬಲಿಗೆ ಹೂವು ಸೇರಿಸಿ ಚೂರೂ ಸಂದು ಬಿಡದೆ ತೋರಣ ಕಟ್ಟಿದವಳು ಅವಳೇ. ಊರೆಲ್ಲ ಹೊಗಳಿತ್ತು. ಸೊಟ್ಟಗಾಗಿದ್ದ ಒಂದು ಎಲೆಯನ್ನು ಎಳೆದು ಸರಿಮಾಡಿದಳು. ಎಲೆ ಫಟ್ಟೆಂದು ಜಾಲರಿಗೆ ಹೋಗಿ ಅಂಟಿತು. ಮತ್ತೆ ಎಳೆದಳು, ಮತ್ತೆ ಅಂಟಿತು.

ಒಳಗಿನಿಂದ ಏನೋ ಎಳೆಯುತ್ತಿದೆ!

“ಕಮಲಾಕರಣ್ಣಾ, ಒಳಗಿನ ಫ್ಯಾನಿಗೆ ಗಾಳಿ ಎಲ್ಲಿಂದ ಬತ್ತದೆ?”

“ಮುಂದಿನ ಜಾಲರಿಯಿಂದ. ಆ ಗಾಳಿಗೇ ನೀರು ತಣಿಯೂದು…” ಎನ್ನುತ್ತ ಬಂದವನು ತೋರಣ ನೋಡಿ ಹಣೆ ಬಡಿದುಕೊಂಡ. “ಅಯ್ಯೋ ದೇವಾ! ಚಂದ ಕಂಡು ನಾನೂ ಸುಮ್ನಿದ್ದೆ!”

ದುರ್ಗಿಗೆ ಹೊಳೆಯಿತು. ದಿಬ್ಬಣ ನಿಂತದ್ದು ತನ್ನಿಂದಲೇ! ಆದರೂ ತೋರಣ ಬಿಚ್ಚಲು ಕೈ ಬರಲಿಲ್ಲ, ಅಷ್ಟು ಚಂದ ಇತ್ತು. ಹಿಂದೆ ತಿರುಗಿ ನೋಡಿದಳು. ಮಾವ ಬಾಸಿಂಗ ಸರಿಸಿ ಸೂರ್ಯನನ್ನೇ ನೋಡುತ್ತಿದ್ದ, ಮುಖ ಅಳುವ ಹಾಗಾಗಿತ್ತು.

ದುರ್ಗಿ ಮೂಗು ಒರೆಸಿಕೊಂಡು ಗಂಟುಗಳನ್ನು ತಾನೇ ಬಿಚ್ಚಿದಳು.

ಆಮೇಲೆ ಕಾರು ಒಮ್ಮೆಯೂ ಹಬೆ ಬಿಡಲಿಲ್ಲ. ಮುಹೂರ್ತಕ್ಕೆ ಸರಿಯಾಗಿ ಮಂಕಿ ಮುಟ್ಟಿತು.

“ಇದೆಂತ, ಮದುಮಗನ ಕಾರು ಬೋಳು!” ಎಂದು ಹೆಣ್ಣಿನ ಕಡೆಯವರು ನಕ್ಕರು. ಮದುಮಗಳ ತಮ್ಮ ನಾಗು ತೋಳು ದಪ್ಪದ ಹೂವಿನ ಹಾರ ಹೊತ್ತು ಓಡಿಬಂದ.

ದುರ್ಗಿಯ ಕಿವಿ ಬಿಸಿಯಾಯಿತು. ಆದರೂ ಎರಡೂ ಕೈ ಅಗಲಿಸಿ ಜಾಲರಿಗೆ ಅಡ್ಡ ನಿಂತಳು.

“ಇಲ್ಲಿ ಬೇಡ, ಇದಕ್ಕೆ ಸೆಕೆ ಆಗ್ತದೆ. ಹಿಂದೆ ಕಟ್ಟುವಾ ಬಾ, ನಾ ಚಂದ ಮಾಡಿ ಕಟ್ಟಿ ಕೊಡ್ತೆ.”